ತಮ್ಮ ಕಲಿಕೆಯನ್ನು ಮಕ್ಕಳೇ ಹೇಳಲಿ

ಚಿ. ಪುಟ್ಟಿಗೆ,

ಇಲ್ಲಿ ಗೋವಿನಜೋಳ ಮುರಿಯುವ ಕೆಲಸ ನಡೆದಿದೆ. ಮೊಣಕಾಲು ನೋವು ಎನ್ನುತ್ತಲೇ ನಿಮ್ಮಪ್ಪ ದಿನಾ ಹೊಲಕ್ಕೆ ಹೋಗಿ ಬರುತ್ತಾರೆ, ಬೇಡ ಎಂದರೆ ಕೇಳುವವರಲ್ಲ, ನಿನಗೆ ಗೊತ್ತೇ ಇದೆ. ನೀನು ಕಳಿಸಿದ ಫೋಟೊದಲ್ಲಿ ಸ್ವಲ್ಪ ಇಳಿದಂತೆ ಕಂಡೆ. ಒಬ್ಬಳಿಗೆ ಏನು ಅಡುಗೆ ಎಂದು ಬೇಸರ ಮಾಡಿಕೊಂಡು ಶಾಲೆಯ ಬಿಸಿಯೂಟದಲ್ಲೇ ದಿನ ನೂಕಬೇಡ. ರಾತ್ರಿ ಎರಡು ಬಿಸಿ ರೊಟ್ಟಿ ಬಡಿದುಕೊಂಡು ಉಣ್ಣು.

ಮೊನ್ನೆ ನೀನು ಫೋನಿನಲ್ಲಿ ಹೇಳಿದ ಮಾತು ತಲೆಯಿಂದ ಹೋಗಿಲ್ಲ. ನೀನು ಕಲಿಸುವ ನಾಲ್ಕನೇ ತರಗತಿಯ ಮೊದಲ ಪೋಷಕರ ಸಭೆಗೆ ಬಂದವರೊಬ್ಬರು ಬಾಗಿಲಲ್ಲೇ ನಿಂತು, "ಹ್ಯಾಂಗದಾನ್ರೀ ನಮ್ಮ ಹುಡುಗ?" ಎಂದರಂತೆ. ನೀನು, "ಪರವಾಗಿಲ್ಲ, ಇನ್ನೂ ಓದಬೇಕು" ಎಂದೆಯಂತೆ. ಅವರು ಹೆಬ್ಬೆಟ್ಟು ಒತ್ತಿ ಹೋದರಂತೆ. ಅಷ್ಟು ಹೊತ್ತೂ ಆ ಹುಡುಗ ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದನಂತೆ. "ಇಷ್ಟಕ್ಕೇನಾ ಅವ್ವಾ ಅವರ ಒಂದಿನದ ಕೂಲಿ ಕೆಡಿಸಿದ್ದು?" ಎಂದು ಕೇಳಿದೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವಂತಿರಲಿಲ್ಲ. ಈಗ ಸಮುದಾಯದತ್ತ ಶಾಲೆ ಕಾರ್ಯಕ್ರಮ ಬರುತ್ತದೆ, ಮತ್ತೆ ಅದೇ ಪೋಷಕರನ್ನು ಕರೆಯಬೇಕು. ಅದಕ್ಕೇ ಬರೆಯಲು ಕುಳಿತೆ.

ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ನಾಲ್ಕು, ಐದನೇ ತರಗತಿಯ ಪೋಷಕರ ಸಭೆಯನ್ನು ಮಕ್ಕಳೇ ನಡೆಸುತ್ತಾರೆ. ನೀನು ಆಗ ಧಾರವಾಡದಲ್ಲಿ ಓದುತ್ತಿದ್ದೆ, ರಜೆಗೆ ಬಂದಾಗ ನಾನು ಹೇಳಿದ್ದನ್ನು ಅರೆಕಿವಿಯಲ್ಲಿ ಕೇಳಿರಬಹುದು. ಈಗ ಪೂರ್ತಿ ಹೇಳುತ್ತೇನೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಇದರಷ್ಟು ಸಮಾಧಾನ ಕೊಟ್ಟ ಕೆಲಸ ಇನ್ನೊಂದಿಲ್ಲ.

ಚಿಕ್ಕವಳಿದ್ದಾಗ ನನ್ನ ನಲಿ-ಕಲಿ ಕೋಣೆಗೆ ಬಂದು ನೀನು ಕಾರ್ಡುಗಳನ್ನೆಲ್ಲ ಕಲಸಿಬಿಡುತ್ತಿದ್ದೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು ಶುರು ಮಾಡಿದ ಕಲಿಕೆಯ ಪದ್ಧತಿ ಅದು. 2009-10ರ ಹೊತ್ತಿಗೆ ನಮ್ಮಂಥ ಊರಿನ ಶಾಲೆಗಳಿಗೂ ಬಂತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಕಲಿಕಾ ಏಣಿ. ಒಂದನೇ ತರಗತಿಯ ಮಗುವನ್ನು "ಎಲ್ಲಿದ್ದೀಯವ್ವಾ?" ಎಂದು ಕೇಳು, ಗೋಡೆಯ ಏಣಿಯ ಮೇಲೆ ಬೆರಳಿಟ್ಟು ತೋರಿಸುತ್ತದೆ. ತನ್ನ ಕಾರ್ಡು ತಾನೇ ಹುಡುಕುತ್ತದೆ, ತಟ್ಟೆ ಎಂದು ಕರೆಯುವ ತನ್ನ ಗುಂಪಿನಲ್ಲಿ ತಾನೇ ಹೋಗಿ ಕೂರುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ ಬಂದ ಮೇಲೆ ಅದೇ ಪ್ರಶ್ನೆ ಕೇಳು. "ಗೊತ್ತಿಲ್ರೀ, ಟೀಚರ್ ಹೇಳ್ತಾರ" ಎನ್ನುತ್ತದೆ. ಆಗ ಲೆಕ್ಕ ಎಲ್ಲ ನಮ್ಮ ಕೈಗೆ ಬಂದಿರುತ್ತದೆ. ಎಫ್‌ಎ, ಎಸ್‌ಎ ಪರೀಕ್ಷೆಗಳ ಅಂಕ ರಿಜಿಸ್ಟರಿಗೆ, ಅಲ್ಲಿಂದ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ, ಅಲ್ಲಿಂದ ಪ್ರಗತಿ ಪತ್ರಕ್ಕೆ, ಅಲ್ಲಿಂದ ಅಪ್ಪನ ಸಹಿಗೆ. ಮಗುವಿನ ಕಲಿಕೆಯ ಸುದ್ದಿ ಎಲ್ಲರ ಬಳಿ ಹೋಗಿ ಬರುತ್ತದೆ, ಮಗುವೊಂದನ್ನು ಬಿಟ್ಟು. ಆರನೇ ವಯಸ್ಸಿನಲ್ಲಿ ಗೊತ್ತಿದ್ದದ್ದು ಒಂಬತ್ತನೇ ವಯಸ್ಸಿಗೆ ಗೊತ್ತಿಲ್ಲದಂತಾಗುವುದು ನನಗೆ ಬಹಳ ನೋವಿನ ಸಂಗತಿ ಪುಟ್ಟಿ. ನಾನು ಈ ಸಭೆಗೆ ಕೈ ಹಾಕಿದ್ದು ಅದನ್ನು ಮಗುವಿಗೆ ಮರಳಿ ಕೊಡುವುದಕ್ಕೆ.

ಇದು ನನ್ನ ಬುದ್ಧಿಯಲ್ಲೇ ಹುಟ್ಟಿದ್ದೇನಲ್ಲ. ಟೊರಾಂಟೊ ಕಡೆ ಇರುವ ನಿಮ್ಮ ದೊಡ್ಡಪ್ಪನ ಮಗಳು ಒಮ್ಮೆ ಮಾತಿಗೆ ಮಾತು ಬಂದು ಹೇಳಿದಳು. ಅವಳ ಮಗಳು ಎರಡನೇ ತರಗತಿ. ಶಾಲೆಯಲ್ಲಿ ಅಪ್ಪ ಅಮ್ಮನ ಕೈ ಹಿಡಿದು ಕೋಣೆಯೆಲ್ಲ ಸುತ್ತಿಸಿ, ತನ್ನ ಬರಹದ ಕಡತ ಬಿಚ್ಚಿ, ಇದು ನನಗೆ ಬರುತ್ತದೆ, ಇದು ಇನ್ನೂ ಬರುವುದಿಲ್ಲ ಎಂದು ಹೇಳಿತಂತೆ. ಟೀಚರು ಪಕ್ಕದಲ್ಲಿ ಸುಮ್ಮನೆ ನಿಂತಿದ್ದರಂತೆ. ಆ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ, ಅಮೆರಿಕದಲ್ಲೂ, 1980ರ ದಶಕದ ಕೊನೆಯಿಂದ ಇದು ಬಳಕೆಗೆ ಬಂದಿದೆ. ಅವಳು ಹೇಳಿದ್ದರಲ್ಲಿ ನನಗೆ ಬಹಳ ಹಿತವೆನಿಸಿದ್ದು ಬೇರೆಯೇ. ಇಲ್ಲಿಂದ ಹೋಗಿದ್ದ ನಿಮ್ಮ ದೊಡ್ಡಮ್ಮನೂ ಆ ಸಭೆಗೆ ಹೋಗಿದ್ದರಲ್ಲ, ಆ ಮಗು ಟೀಚರ ಜೊತೆ ಇಂಗ್ಲಿಷಿನಲ್ಲಿ ಆಡಿ, ಅಜ್ಜಿಗೆ ಭಿನ್ನರಾಶಿಯನ್ನು ಕನ್ನಡದಲ್ಲಿ ಹೇಳಿಕೊಟ್ಟಿತಂತೆ. ದೊಡ್ಡಮ್ಮ ಊರಿಗೆ ಬಂದ ಮೇಲೂ ಎಲ್ಲರ ಮುಂದೆ ಅದನ್ನೇ ಹೇಳುತ್ತಾರೆ. ಈ ಮಾತು ನಿನ್ನ ಶಾಲೆಗೂ ಬೇಕಾಗುತ್ತದೆ, ಮುಂದೆ ಹೇಳುತ್ತೇನೆ.

ನಮ್ಮಲ್ಲಿ ನಡೆಯುವ ರೀತಿ ಇದು. ಸಭೆಯ ದಿನ ಸೋಮವಾರವೇ ಇಡುತ್ತೇವೆ. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಗಂಡಸರು ಊರಲ್ಲಿ ಸಿಗುತ್ತಾರೆ. ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತು. ಕರೆಯೋಲೆ ಮಗುವೇ ತನ್ನ ಕೈಯಾರೆ ಬರೆದು ಒಯ್ಯುತ್ತದೆ. ಶಾಲೆಯ ಸುತ್ತೋಲೆಗೆ ಬಾರದವರೂ ಮಗಳು ಬರೆದ ಚೀಟಿಗೆ ಬರುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಜಮಖಾನ. ಒಂದು ಹೊತ್ತಿಗೆ ನಾಲ್ಕು ಮನೆಯವರು, ಒಬ್ಬೊಬ್ಬರಿಗೂ ಇಪ್ಪತ್ತು ನಿಮಿಷ. ಎಲ್ಲರೂ ನೆಲದ ಮೇಲೆ. ಟೀಚರಿಗೆ ಕುರ್ಚಿ, ಪೋಷಕರಿಗೆ ಬಾಗಿಲು ಎಂಬುದು ಅಲ್ಲಿಗೇ ಹೋಗುತ್ತದೆ. ನಾನು ಮೂಲೆಯಿಂದ ಮೂಲೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಏಳುತ್ತೇನೆ. ಮಗು ತಡವರಿಸಿದರೆ ಒಂದು ಮಾತು ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಬಾಯಿ ಹಾಕುವುದಿಲ್ಲ.

ಮಗು ತನ್ನ ಬರಹಗಳನ್ನು ಕೂಡಿಟ್ಟ ಕೃತಿ ಸಂಪುಟದಿಂದ ಮೂರು ಹಾಳೆ ಆರಿಸಿ ಇಟ್ಟುಕೊಂಡಿರುತ್ತದೆ. ತನಗೆ ಬಹಳ ಇಷ್ಟವಾದದ್ದು ಒಂದು, ಕಷ್ಟವಾದದ್ದು ಒಂದು, ಜೂನ್‌ನಲ್ಲಿ ಒಂದು ತರಹ ಇದ್ದು ಈಗ ಬದಲಾದದ್ದು ಒಂದು. ಆರಿಸುವ ಕೆಲಸವನ್ನು ಮಗುವಿಗೇ ಬಿಡು. ನಾವು ಆರಿಸಿದರೆ ಚೆಂದದ ಅಕ್ಷರದ ಹಾಳೆಯೇ ಹೋಗುತ್ತದೆ. ಮಾತು ಶುರು ಮಾಡಲು ಹಲಗೆಯ ಮೇಲೆ ಮೂರು ಸಾಲಿನ ಮೊದಲರ್ಧ ಬರೆದಿರುತ್ತೇನೆ: ನನಗೆ ಈಗ ಬರುವುದು, ನನಗೆ ಇನ್ನೂ ಬಾರದಿರುವುದು, ನನಗೆ ಬೇಕಾದ ಸಹಾಯ. ಮೂರನೆಯದನ್ನು ಯಾವ ಕಾರಣಕ್ಕೂ ಬಿಡಬೇಡ. ನಮ್ಮ ಮಕ್ಕಳಿಗೆ ಬೈಗುಳ ಕೇಳಿ ಗೊತ್ತು, ಸಹಾಯ ಕೇಳಿ ಗೊತ್ತಿಲ್ಲ.

ಒಂದು ವಾರ ಮುಂಚಿನಿಂದ ಜೋಡಿ ಜೋಡಿಯಾಗಿ ಆಡಿಸುತ್ತೇನೆ. ಒಬ್ಬ ಮಗ, ಪಕ್ಕದವನು ಅಪ್ಪ. ಟವೆಲ್ಲನ್ನು ರುಮಾಲಿನಂತೆ ಸುತ್ತಿಕೊಂಡು, "ಯಾಕಲೇ, ಇಷ್ಟ ಅಂಕ?" ಎಂದು ಗದರುವ ಅಪ್ಪಂದಿರು ಹತ್ತಾರು ಮಂದಿ ಹುಟ್ಟಿಕೊಳ್ಳುತ್ತಾರೆ. ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಆ ಆಟದಲ್ಲೇ ಯಾರ ಮನೆಯಲ್ಲಿ ಏನು ಮಾತು ನಡೆಯುತ್ತದೆ ಎಂದು ತಿಳಿಯುತ್ತದೆ, ಕಣ್ಣಿಟ್ಟು ನೋಡು. ಹಾಗೆಂದು ಬಾಯಿಪಾಠ ಮಾಡಿಸಬೇಡ. ಗಿಣಿಪಾಠ ಒಪ್ಪಿಸಿದರೆ ಅದು ಗ್ಯಾದರಿಂಗ್ ಆಗುತ್ತದೆ, ಪೋಷಕರು ಚಪ್ಪಾಳೆ ಹೊಡೆದು ಎದ್ದು ಹೋಗುತ್ತಾರೆ. ಮಗು ನಡುವೆ ನಿಂತು ಯೋಚಿಸಿದರೆ ನಿಲ್ಲಲಿ. ಆ ಸುಮ್ಮನಿರುವಿಕೆಯನ್ನು ತಾಳಿಕೊಳ್ಳುವುದೇ ನಮಗೆ ಕಷ್ಟದ ಕೆಲಸ.

ಹೋದ ವರ್ಷದ ಒಂದು ಮೂಲೆಯನ್ನು ನಿನಗೆ ತೋರಿಸಬೇಕು ಅನಿಸುತ್ತದೆ. ಹುಡುಗನ ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಕೆಲಸದಿಂದ ನೇರ ಬಂದಿದ್ದ, ಅಂಗಿಯ ಘಾಟಿಗೆ ಪಕ್ಕದ ಮೂಲೆಯವರು ಸೀನುತ್ತಿದ್ದರು. ಶಾಲೆಯಿಂದ ಕರೆ ಬಂತೆಂದರೆ ಮಗ ಏನೋ ಮಾಡಿದ್ದಾನೆ ಎಂದೇ ಅವನ ಲೆಕ್ಕ. ಹುಡುಗ ಮೊದಲು ಗೋಡೆಯ ಕರಿಹಲಗೆಯ ಬಳಿ ಕರೆದುಕೊಂಡು ಹೋಗಿ ಒಂದು ಗುಣಾಕಾರ ಮಾಡಿ ತೋರಿಸಿದ. ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿ, "ಬರೋಬ್ಬರಿ" ಎಂದ. ದಿನಾ ಚೀಲ ಎಣಿಸುವವನು, ಅವನಿಗೆ ಲೆಕ್ಕ ಬಾರದೆ ಇರುತ್ತದೆಯೇ? ಆಮೇಲೆ ಇಬ್ಬರೂ ಕೂತರು. ಹುಡುಗ ಎರಡು ಹಾಳೆ ಇಟ್ಟ. ಒಂದು ಜೂನ್ ತಿಂಗಳದು, ಅರ್ಧ ಸಾಲು ಬರೆದು ಬಿಟ್ಟದ್ದು. ಇನ್ನೊಂದು ತುಂಬ ಬರೆದದ್ದು, ಅದರಲ್ಲಿ ಅವನೇ ಸೀಸದ ಕಡ್ಡಿಯಿಂದ ಅಲ್ಲಲ್ಲಿ ಸುತ್ತು ಹಾಕಿದ್ದ. "ಇವು ಒತ್ತಕ್ಷರ ಅಪ್ಪಾ. ಇಲ್ಲಿ ಬಂದ್ರ ನಿಲ್ತೀನಿ. ಉಳದಿದ್ದು ಬರ್ತೈತಿ." ಅಪ್ಪ ಆ ಸುತ್ತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿದ. "ಮತ್ತ ಹ್ಯಾಂಗ ಮಾಡಾಂವ?" "ದಿನಾ ರಾತ್ರಿ ಒಂದ್ ಪುಟ ಓದ್ತೀನಿ. ನೀ ಕೇಳಬೇಕು." "ನಂಗೆಲ್ಲಿ ಓದಾಕ ಬರ್ತೈತೋ ಮಾರಾಯ." ಹುಡುಗ ತಟ್ಟನೆ ಹೇಳಿದ, "ಕೇಳಾಕ ಬರ್ತೈತಲ್ಲ."

ಆ ಮನುಷ್ಯ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ, ಅಷ್ಟೇ. ಈ ಮಾತನ್ನು ನಾನೇ ಹೇಳಿದ್ದರೆ ಉಪದೇಶವಾಗುತ್ತಿತ್ತು. ಮನೆಯಲ್ಲಿ ಓದಿಸಿ ಎಂದು ನಾವು ಅಕ್ಷರ ಬಾರದವರಿಗೆ ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇವೆ, ಅದು ಅವರಿಗೆ ಎಷ್ಟು ಚುಚ್ಚುತ್ತದೆ ಎಂದು ಯೋಚಿಸದೆ. ಮಗ ಕೇಳಿದ್ದು ಅಪ್ಪನ ಕೈಲಾಗುವಂಥದ್ದು. ಆ ಹುಡುಗನಿಗೆ ಈಗಲೂ ಕೆಲವು ಒತ್ತಕ್ಷರ ತೊಡಕೇ. ಒಂದು ಸಭೆಯಿಂದ ಎಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡು ಹೋಗಬೇಡ. ಆದರೆ ರಾತ್ರಿ ಆ ಮನೆಯಲ್ಲಿ ಪುಸ್ತಕ ಬಿಚ್ಚಿಕೊಳ್ಳುತ್ತದೆ.

ಇನ್ನೊಬ್ಬಳು ಹುಡುಗಿ. ಅಂಕದಲ್ಲಿ ಯಾವಾಗಲೂ ಮುಂದು. ಅವಳ ಬಗ್ಗೆ ಹೇಳುವುದೇನಿದೆ ಎಂದು ಯಾರಾದರೂ ಅನ್ನಬಹುದಿತ್ತು. ಆಟ ಆಡಿಸುವ ದಿನ ನನ್ನ ಹತ್ತಿರ ಬಂದು, "ಅಕ್ಕೋರ, ಬೇಕಾದ ಸಹಾಯದಾಗ ಮನೀದು ಹೇಳಬಹುದೇನ್ರಿ?" ಎಂದಳು. ಹೇಳಬೇಕು ಅನ್ನಿಸಿದರೆ ಹೇಳು, ಬೇಡ ಅನ್ನಿಸಿದರೆ ಬಿಡು ಎಂದೆ. ಸಭೆಯಲ್ಲಿ ಹಾಳೆಗಳನ್ನೆಲ್ಲ ತೋರಿಸಿ ಮುಗಿಸಿ, ಕೊನೆಗೆ ತಲೆ ತಗ್ಗಿಸಿಕೊಂಡು ಹೇಳಿದಳು: ಸಂಜೆ ತಮ್ಮನನ್ನು ಎತ್ತಿಕೊಂಡು ಕೂರುವುದರಿಂದ ಬರೆಯಲು ಆಗುವುದಿಲ್ಲ, ಅಣ್ಣನೂ ಒಂದಿಷ್ಟು ಹೊತ್ತು ಎತ್ತಿಕೊಳ್ಳಲಿ. ಅವಳವ್ವ ಸೆರಗು ಸರಿಮಾಡಿಕೊಂಡಳು, ಏನೂ ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಆ ತಾಯಿ ದಿನವೆಲ್ಲ ಹೊಲದಲ್ಲಿ ಬಗ್ಗಿ ಬಂದವಳು, ಅವಳನ್ನು ತಪ್ಪಿತಸ್ಥಳಂತೆ ನೋಡಲು ನಾನ್ಯಾರು? ಮುಂದೆ ಆ ಮನೆಯಲ್ಲಿ ಏನು ಮಾತಾಯಿತೋ, ಹುಡುಗಿಯ ಮನೆಗೆಲಸದ ಪುಸ್ತಕ ಮಾತ್ರ ತುಂಬತೊಡಗಿತು. ಮಗು ಮನೆಯ ಮಾತು ತೆಗೆದರೆ ನೀನು ನ್ಯಾಯ ಹೇಳಲು ಹೋಗಬೇಡ ಪುಟ್ಟಿ. ಕೇಳಿಸಿಕೊಂಡಿದ್ದೀ ಎಂಬುದು ಇಬ್ಬರಿಗೂ ಗೊತ್ತಾದರೆ ಸಾಕು.

ಈಗ ನನಗಿರುವ ಭಯ ಹೇಳುತ್ತೇನೆ. ಈ ಸಭೆ ಬಹಳ ಸುಲಭವಾಗಿ ಕೆಟ್ಟದ್ದೂ ಆಗಬಲ್ಲದು. ಮಗುವಿನ ಬಾಯಿಂದಲೇ ತಪ್ಪೊಪ್ಪಿಗೆ ಮಾಡಿಸುವ ಪಂಚಾಯಿತಿಯಾಗಬಹುದು. "ನಾನು ಗಲಾಟೆ ಮಾಡ್ತೀನಿ, ನಾನು ಬರೆಯೂದಿಲ್ಲ" ಎಂದು ಮಗು ಅಪ್ಪನ ಮುಂದೆ ಹೇಳಿ, ಆ ರಾತ್ರಿ ಏಟು ತಿಂದರೆ ಅದಕ್ಕೆ ಕಾರಣ ನಾವೇ ಆಗುತ್ತೇವೆ. ಆದ್ದರಿಂದ ನಡತೆಯ ದೂರುಗಳನ್ನು ಆ ಜಮಖಾನದ ಮೇಲೆ ತರಲೇಬೇಡ. ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಓದು ತೀರಾ ಹಿಂದಿದೆ ಎಂಬಂಥ ಮಾತುಗಳನ್ನು ಪೋಷಕರೊಂದಿಗೆ ಬೇರೆ ಹೊತ್ತಿನಲ್ಲಿ, ಮಗುವಿಲ್ಲದಾಗ ಆಡು. ಟೀಚರು ಹೇಳಬೇಕಾದದ್ದನ್ನು ಮಗುವಿನ ತಲೆಗೆ ಕಟ್ಟಬಾರದು. ಹೊಡೆಯುವ ಮನೆ ಎಂದು ಅನುಮಾನವಿದ್ದರೆ ಆ ಮಗುವಿನ ಪಕ್ಕದಲ್ಲಿ ಪೂರ್ತಿ ಹೊತ್ತು ನೀನೇ ಕೂರು, ಬರುವ ವಿಷಯವನ್ನಷ್ಟೇ ಹೇಳಿಸು. ಅನುಮಾನ ನಿಜವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲು ಹಿಂದೆಮುಂದೆ ನೋಡಬೇಡ. ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸಲು ಯಾರಾದರೂ ಶುರು ಮಾಡಿದರೆ ಮಾತ್ರ ನಾನು ನಡುವೆ ಬಾಯಿ ಹಾಕುತ್ತೇನೆ, ಅಲ್ಲಿ ನನಗೆ ಸಂಕೋಚವಿಲ್ಲ.

ನಿನ್ನ ಶಾಲೆಯಲ್ಲಿ ಯಾರಾದರೂ ಇದೇನು ಹೊಸ ಉಸಾಬರಿ ಎಂದರೆ, ಟಿಇಟಿ ಪರೀಕ್ಷೆಗೆ ಓದುವಾಗ ಅಡುಗೆಮನೆಯಲ್ಲಿ ಓಡಾಡುತ್ತಾ ನೀನು ಗಟ್ಟಿಯಾಗಿ ಹೇಳುತ್ತಿದ್ದೆಯಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ, ಅದನ್ನೇ ಹೇಳು. 24ನೇ ಕಲಂ ಪ್ರಕಾರ ಪೋಷಕರೊಂದಿಗೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಿ, ಕಲಿಕೆ, ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ. 29ನೇ ಕಲಂ ಪ್ರಕಾರ ಮಗುವನ್ನು ಭಯ, ಆತಂಕಗಳಿಂದ ದೂರವಿಟ್ಟು ಅದು ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು. ಈ ಎರಡನ್ನೂ ಒಂದೇ ಕೋಣೆಗೆ ತಂದರೆ ನಾನು ಹೇಳುವ ಸಭೆಯೇ ಆಗುತ್ತದೆ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತನ್ನು ಕೇಳಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಹೇಳುತ್ತದೆ. 1992ರಲ್ಲಿ ನಮ್ಮ ದೇಶ ಅದನ್ನು ಒಪ್ಪಿಕೊಂಡಾಗಿದೆ. ಮಗುವಿಗೆ ಅದರ ಓದಿಗಿಂತ ಹೆಚ್ಚು ಸಂಬಂಧಿಸಿದ ವಿಷಯ ಯಾವುದಿದೆ? ಆದರೂ ಕಾಯ್ದೆ ಹಿಡಿದು ಜಗಳಕ್ಕೆ ನಿಲ್ಲಬೇಡ. ನಿಮ್ಮ ಹೆಡ್‌ಮಾಸ್ಟರಿಗೆ ಮೊದಲೇ ಹೇಳಿ, ಶಾಲಾಭಿವೃದ್ಧಿ ಸಮಿತಿಯ ಒಬ್ಬಿಬ್ಬರನ್ನು ಕರೆದು ಕೂರಿಸು. ಒಂದು ಮಗು ಮಾತಾಡುವುದನ್ನು ಕಂಡರೆ ಅವರೇ ಉಳಿದವರಿಗೆ ಹೇಳುತ್ತಾರೆ.

ಮೊದಲ ಸಲ ಇಡೀ ತರಗತಿಗೆ ಮಾಡಲು ಹೋಗಬೇಡ. ತಾವಾಗಿ ಮುಂದೆ ಬಂದ ಕೆಲವು ಮಕ್ಕಳಿಂದ ಶುರು ಮಾಡು. ನಲಿ-ಕಲಿಯ ಸಣ್ಣವರನ್ನೂ ಸೇರಿಸಿಕೊಳ್ಳಬೇಕು ಎಂದು ಆ ಟೀಚರಿಗೆ ಅನಿಸಿದರೆ ಅವರಿಗೆ ಹಾಳೆ ಆರಿಸುವ ಗೋಜು ಬೇಡ. ಅವ್ವನ ಕೈ ಹಿಡಿದು ಕೋಣೆಯೊಳಗೆ ಕಟ್ಟಿದ ಚಪ್ಪರದಲ್ಲಿ ತೂಗುಹಾಕಿದ ತನ್ನ ಚಿತ್ರ ತೋರಿಸಿ, ಏಣಿಯ ಮೇಲೆ ತನ್ನ ಮೆಟ್ಟಿಲು ತೋರಿಸಿದರೆ ಆಯಿತು.

ಇನ್ನು ನಿನ್ನ ತಾಂಡಾದ ಮಕ್ಕಳ ವಿಷಯ. ಲಿಂಗಸುಗೂರು ಕಡೆಯ ಎಷ್ಟೋ ಮನೆಗಳು ಗುಳೆ ಹೋಗಿರುತ್ತವೆ, ಮಕ್ಕಳು ಅಜ್ಜ ಅಜ್ಜಿಯ ಬಳಿ ಇರುತ್ತಾರೆ ಎಂದೆಯಲ್ಲ. ಅಪ್ಪ ಅವ್ವ ಬರಲಿಲ್ಲ ಎಂದು ಆ ಮಗುವನ್ನು ಒಂದು ಬದಿಗೆ ಕೂರಿಸಬೇಡ. ಅಜ್ಜಿ ಬರಲಿ, ಪಕ್ಕದ ಮನೆಯ ಕಾಕಿ ಬರಲಿ. ಯಾರೂ ಇಲ್ಲದಿದ್ದರೆ ಬಿಸಿಯೂಟದ ಅಡುಗೆಯವರು ಅಥವಾ ಇನ್ನೊಂದು ತರಗತಿಯ ಟೀಚರು ಬಂದು ಕೂರಲಿ, ಆದರೆ ಆ ಮಗುವಿನ ಇಪ್ಪತ್ತು ನಿಮಿಷ ಅದಕ್ಕೇ ಸಿಗಲಿ. ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವ ತಂದೆಗೆ ರಾತ್ರಿ ವಿಡಿಯೊ ಕಾಲ್ ಮಾಡಿಸಿ ಒಂದು ಹಾಳೆ ತೋರಿಸಿದರೂ ಆಗುತ್ತದೆ. ಇನ್ನೂ ಒಳ್ಳೆಯದೆಂದರೆ ದೀಪಾವಳಿಯ ಆಸುಪಾಸು ಸಭೆ ಇಡು. ತಾಂಡಾದವರು ಆ ಹಬ್ಬಕ್ಕೆ ಎಲ್ಲಿದ್ದರೂ ಊರಿಗೆ ಬರುತ್ತಾರೆ. ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುವ ಹುಡುಗಿಯರೇ ಮರುದಿನ ಕರೆಯೋಲೆ ಹಂಚಲಿ. ನಿನ್ನ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಯರು ಅಂದು ಎಷ್ಟು ಗಟ್ಟಿಯಾಗಿ ಹಾಡುತ್ತಾರೆ ಎಂಬುದನ್ನೂ ಹೋಗಿ ಕೇಳಿಕೊಂಡು ಬಾ.

ಟೊರಾಂಟೊ ಮಗುವಿನ ಮಾತು ಹೇಳಿದ್ದೆನಲ್ಲ, ಅದು ಇದಕ್ಕೇ. ನಿನ್ನ ಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ. ಅಜ್ಜಿಯ ಮುಂದೆ ಕನ್ನಡದಲ್ಲೇ ಹೇಳು ಎಂದು ಹಟ ಹಿಡಿದರೆ ಮಗು ಮುದುಡುತ್ತದೆ, ಅಜ್ಜಿಗೂ ತಿಳಿಯುವುದಿಲ್ಲ. ಅವರ ಮಾತಿನಲ್ಲೇ ಹೇಳಲಿ. ನಿನಗೆ ಒಂದು ಅಕ್ಷರ ತಿಳಿಯದೆ ಹೋದರೂ ಕೂತು ಕೇಳು. ಅಜ್ಜಿಯ ಮುಖ ನೋಡುತ್ತಿದ್ದರೆ ಎಷ್ಟೋ ತಿಳಿಯುತ್ತದೆ. ಕನ್ನಡದಲ್ಲಿ ಹಿಂದುಳಿದಿದ್ದಾನೆ ಎಂದು ನೀನು ಬರೆದಿಟ್ಟ ಹುಡುಗ ಭಾಗಾಕಾರವನ್ನು ಲಂಬಾಣಿಯಲ್ಲಿ ತಡೆಯಿಲ್ಲದೆ ವಿವರಿಸಬಹುದು. ಹಾಗಾದರೆ ಅವನಿಗೆ ಏನು ಕಲಿಸಬೇಕು ಎಂಬ ನಿನ್ನ ಲೆಕ್ಕವೇ ಬದಲಾಗುತ್ತದೆ. ಸಭೆ ಮುಗಿದ ಮೇಲೆ ಆ ರಾತ್ರಿಯೇ ಒಂದು ನೋಟ್‌ಬುಕ್ಕಿನಲ್ಲಿ, ಯಾವ ಮಗು ಯಾವ ಸಹಾಯ ಕೇಳಿತು ಎಂಬುದನ್ನು ಬರೆದಿಟ್ಟುಕೋ. ಅಪ್ಪ ಅವ್ವ ಮರೆತರೂ ನೀನು ಮರೆಯಬಾರದು. ಕೇಳಿದ್ದು ಸಿಗಲಿಲ್ಲವೆಂದರೆ ಮುಂದಿನ ಸಲ ಮಕ್ಕಳು ಕೇಳುವುದಿಲ್ಲ.

ಕೃತಿ ಸಂಪುಟಕ್ಕೆ ರಟ್ಟಿನ ಕಡತ ಕೊಳ್ಳಬೇಡ, ಹರಿದು ಹೋಗುತ್ತವೆ. ನನ್ನ ಹಳೆಯ ಕಾಟನ್ ಸೀರೆಗಳನ್ನು ಕತ್ತರಿಸಿ ಚೀಲ ಹೊಲಿಯುತ್ತಿದ್ದೇನೆ, ಒಂದೊಂದರ ಮೇಲೆ ಹೆಸರು ಬರೆಯಲು ಬಿಳಿ ಬಟ್ಟೆಯ ಪಟ್ಟಿಯನ್ನೂ ಹಚ್ಚುತ್ತೇನೆ. ನಿನ್ನ ತರಗತಿಯಲ್ಲಿ ಮಕ್ಕಳು ಎಷ್ಟು ಎಂದು ತಿಳಿಸು, ಶೇಂಗಾ ಹಿಂಡಿ, ಕಟಕ ರೊಟ್ಟಿ ಜೊತೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ನಿಮ್ಮಪ್ಪ ತಾವೇ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ, ಮೊಣಕಾಲಿನ ನೆವ ಹೇಳಿ ನೀನೇ ಫೋನಿನಲ್ಲಿ ತಡೆ. ಸಭೆಯ ದಿನ ಯಾವುದು ಎಂದು ಗೊತ್ತಾದ ಕೂಡಲೇ ಹೇಳು. ಸಂಜೆ ಎಷ್ಟು ಹೊತ್ತಾದರೂ ಸರಿ, ಒಂದೊಂದು ಮಗು ಏನು ಹೇಳಿತು ಎಂದು ನನಗೆ ಪೂರ್ತಿ ಹೇಳಬೇಕು.

ನಿನ್ನ ಪ್ರೀತಿಯ
ಅವ್ವ